ಐಹೊಳೆಗೆ 40 ನಿಮಿಷ ಸಾಲದು: ಪ್ರವಾಸೋದ್ಯಮ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಸಚಿವರಿಗೆ ನಮಸ್ಕಾರಗಳು.

ಕಳೆದ ಚಳಿಗಾಲದಲ್ಲಿ ನಾನೂ ಎಂಟನೆಯ ತರಗತಿಯಲ್ಲಿ ಓದುವ ನನ್ನ ಮಗಳೂ ಬಾದಾಮಿಯಿಂದ ಹೊರಡುವ ಒಂದು ದಿನದ ಪ್ರವಾಸಕ್ಕೆ ಹೆಸರು ಬರೆಸಿದೆವು. ಬೆಳಗ್ಗೆ ಬಾದಾಮಿಯ ಗುಹೆಗಳು, ಅಲ್ಲಿಂದ ಪಟ್ಟದಕಲ್ಲು, ಕೊನೆಗೆ ಐಹೊಳೆ, ಕತ್ತಲಾಗುವಷ್ಟರಲ್ಲಿ ಮತ್ತೆ ಬಾದಾಮಿ; ದಿನವಿಡೀ ಮಾರ್ಗದರ್ಶಿ ಜೊತೆಗಿರುತ್ತಾರೆ ಎಂದು ಹೇಳಿದ್ದರು. ಮಾರ್ಗದರ್ಶಿ ಇದ್ದರು, ಒಳ್ಳೆಯವರೂ ಆಗಿದ್ದರು. ಬಾದಾಮಿಯ ಮೂರನೆಯ ಗುಹೆಯಲ್ಲಿ ನಿಂತು, ಮಂಗಳೇಶನ 578ರ ಶಾಸನದಿಂದಾಗಿ ಆ ಗುಹೆಯ ಕಾಲ ಖಚಿತವಾಗಿ ತಿಳಿದಿದೆ ಎಂದು ಅವರು ವಿವರಿಸಿದಾಗ ಮಗಳು ಕಣ್ಣು ಕೀಳದೆ ಕೇಳಿಸಿಕೊಂಡಳು. ಪಟ್ಟದಕಲ್ಲಿನಲ್ಲಿ ಲೋಕಮಹಾದೇವಿ ತನ್ನ ಗಂಡ ಎರಡನೆಯ ವಿಕ್ರಮಾದಿತ್ಯನ ಕಂಚಿಯ ಗೆಲುವಿನ ನೆನಪಿಗೆ ಕಟ್ಟಿಸಿದ ಗುಡಿಯನ್ನು ತಕ್ಕಮಟ್ಟಿಗೆ ನೋಡಿದೆವು. ಐಹೊಳೆ ತಲುಪಿದಾಗ ನಾಲ್ಕೂವರೆ ದಾಟಿತ್ತು. ಬಸ್ ದುರ್ಗ ಗುಡಿಯ ಆವರಣದ ಮುಂದೆ ನಿಂತಿತು. "ಇಲ್ಲಿ ನಮಗಿರುವುದು 40 ನಿಮಿಷ" ಎಂದರು ಮಾರ್ಗದರ್ಶಿ. ಹಾಗೆನ್ನುವಾಗ ಅವರ ಮುಖದಲ್ಲೂ ಸಂಕೋಚವಿತ್ತು.

ಮಲಪ್ರಭೆಯ ದಡದ ಆ ಒಂದು ಊರಿನಲ್ಲಿ ನೂರಿಪ್ಪತ್ತಕ್ಕೂ ಹೆಚ್ಚು ಗುಡಿಗಳಿವೆ. ನಾವು ಎರಡನ್ನು ನೋಡಿದೆವು.

ಬಸ್ ಹಿಂದಿರುಗುವಾಗ ಮಗಳು ಕಿಟಕಿಯಿಂದ ಹೊರಗೆ ನೋಡುತ್ತಾ "ಅಮ್ಮ, ರವಿಕೀರ್ತಿಯ ಶಾಸನ ಎಲ್ಲಿತ್ತು?" ಎಂದು ಕೇಳಿದಳು. ಇಮ್ಮಡಿ ಪುಲಕೇಶಿಯ ಪಾಠದಲ್ಲಿ ಅದನ್ನು ಅವಳು ಓದಿದ್ದಳು, ಪರೀಕ್ಷೆಯಲ್ಲಿ ಬರೆದೂ ಇದ್ದಳು. ಮಾರ್ಗದರ್ಶಿ ಊರ ಹಿಂದಿನ ಗುಡ್ಡದತ್ತ ಕೈ ತೋರಿಸಿದರು. "ಅಲ್ಲಿ ಮೇಲೆ, ಮೇಗುಟಿಯಲ್ಲಿ. ಅಲ್ಲಿಗೆ ಹತ್ತಿಸುವಷ್ಟು ಹೊತ್ತು ನಮಗೆ ಇರುವುದಿಲ್ಲ." ಈ ಪತ್ರ ಬರೆಯಬೇಕೆಂದು ನನಗೆ ಅನಿಸಿದ್ದು ಆ ಗಳಿಗೆಯಲ್ಲಿ.

ಸಚಿವರೇ, ಆ ಗುಡ್ಡದ ಮೇಲೆ ಏನಿದೆ ಎಂಬುದು ತಮಗೆ ತಿಳಿಯದ ಸಂಗತಿಯಲ್ಲ. ಆದರೂ ಒಮ್ಮೆ ಹೇಳಿಬಿಡುತ್ತೇನೆ, ಏಕೆಂದರೆ ನನ್ನ ಬೇಡಿಕೆಯೆಲ್ಲ ಅಲ್ಲಿಂದಲೇ ಹುಟ್ಟಿದೆ. ಮೇಗುಟಿ ಎಂದರೆ ಮೇಗಣ ಗುಡಿ. ಅದು ಜಿನಾಲಯ. ಅದರ ಪೂರ್ವದ ಹೊರಗೋಡೆಯ ಮೇಲೆ ರವಿಕೀರ್ತಿಯ ಸಂಸ್ಕೃತ ಕಾವ್ಯವನ್ನು ಆ ಕಾಲದ ಕನ್ನಡ ಲಿಪಿಯಲ್ಲಿ ಕೊರೆದಿದ್ದಾರೆ. ಶಕವರ್ಷ 556, ಅಂದರೆ ಕ್ರಿ.ಶ. 634-35. ಇಮ್ಮಡಿ ಪುಲಕೇಶಿ ಉತ್ತರದ ಹರ್ಷನನ್ನು ಸೋಲಿಸಿದ್ದನ್ನು ಹೇಳುವಾಗ ಕವಿ ಹೆಸರಿನೊಂದಿಗೇ ಆಟವಾಡುತ್ತಾನೆ: ಹರ್ಷನ ಹರ್ಷವೆಲ್ಲ ಭಯದಿಂದ ಸೋರಿಹೋಯಿತು ಎಂಬ ಅರ್ಥ ಬರುವಂತೆ. ಕೊನೆಯಲ್ಲಿ ತನ್ನ ಕೀರ್ತಿಯನ್ನು ಕಾಳಿದಾಸ, ಭಾರವಿಯರ ಕೀರ್ತಿಗೆ ಸರಿದೂಗಿಸಿಕೊಳ್ಳುತ್ತಾನೆ. ಆ ಒಂದು ಮಾತಿನಿಂದಾಗಿ, ಕಾಳಿದಾಸನ ಕಾಲ ಯಾವುದೆಂದು ಹುಡುಕಿ ಹೊರಟ ವಿದ್ವಾಂಸರಿಗೆಲ್ಲ ಐಹೊಳೆಯ ಈ ಗೋಡೆ ಗಡಿಕಲ್ಲಾಗಿ ನಿಂತಿದೆ. ಇದಕ್ಕಿಂತ ಈಚೆಗೆ ಅವನನ್ನು ತರುವಂತಿಲ್ಲ. ಕರ್ನಾಟಕದ ಪ್ರತಿ ಮಗುವೂ ಬಾಯಿಪಾಠ ಮಾಡುವ ಶಾಸನ ಇದು. ಮಗುವನ್ನು ಅದರಿಂದ ಒಂದು ಗುಡ್ಡದ ದೂರಕ್ಕೆ ಕರೆದೊಯ್ದು, ಹೊತ್ತಿಲ್ಲವೆಂದು ಮರಳಿ ಕರೆತರುತ್ತಿದ್ದೇವೆ.

ಎರಡು ತಿಂಗಳ ನಂತರ ನಾವಿಬ್ಬರೇ ಮತ್ತೆ ಹೋದೆವು. ಈ ಸಲ ಐಹೊಳೆಗೆ ಮಾತ್ರ. ಬೆಳಗ್ಗೆ ಊರಿನಲ್ಲಿ ಒಬ್ಬ ತರುಣನ ಪರಿಚಯವಾಯಿತು. ಅವನ ಬಳಿ ಮಾರ್ಗದರ್ಶಿಯ ಗುರುತಿನ ಚೀಟಿ ಇರಲಿಲ್ಲ, ತಾನು ಮಾರ್ಗದರ್ಶಿ ಎಂದು ಅವನು ಹೇಳಿಕೊಳ್ಳಲೂ ಇಲ್ಲ. ದಾರಿ ಕೇಳಿದ್ದಕ್ಕೆ ಜೊತೆಗೆ ನಡೆದುಬಂದ, ಸಂಜೆಯವರೆಗೂ ಬಿಟ್ಟುಹೋಗಲಿಲ್ಲ. ಒಂದು ಪುರಾತನ ತಾಣವನ್ನು ತೋರಿಸುವುದು ಎಂದರೆ ಏನು ಎಂಬುದು ನನಗೆ ಅಂದು ಅರ್ಥವಾಯಿತು.

ಅವನು ಆರಂಭಿಸಿದ್ದು ಹೆಸರುಗಳಿಂದ. ಲಾಡಖಾನ್ ಗುಡಿ, ಅಂಬಿಗೇರ ಗುಡಿ, ಗೌಡರ ಗುಡಿ, ಬಡಿಗೇರ ಗುಡಿ, ಹುಚ್ಚಪ್ಪಯ್ಯ ಮಠ. ಇವು ಯಾವುವೂ ದೇವರ ಹೆಸರುಗಳಲ್ಲ, ಮನುಷ್ಯರ ಹೆಸರುಗಳು. ಪೂಜೆ ನಿಂತುಹೋದ ಗುಡಿಗಳಲ್ಲಿ, ಗುಡಿಗಳ ಆಸುಪಾಸಿನಲ್ಲಿ ಜನ ಬದುಕಿದರು, ಅವರ ಹೆಸರು ಕಲ್ಲಿಗೆ ಅಂಟಿಕೊಂಡಿತು. ಲಾಡಖಾನ್ ಎಂಬಾತ ಒಂದು ಕಾಲದಲ್ಲಿ ಅಲ್ಲಿ ವಾಸವಿದ್ದನೆಂಬ ಕಾರಣಕ್ಕೆ ಶಿವನ ಗುಡಿಯೊಂದು ಇಂದಿಗೂ ಅವನ ಹೆಸರಿನಲ್ಲಿದೆ. ದುರ್ಗ ಗುಡಿ ದುರ್ಗಿಯದಲ್ಲ. ಕೋಟೆಗೆ, ಅಂದರೆ ದುರ್ಗಕ್ಕೆ, ಸೇರಿಕೊಂಡಿದ್ದರಿಂದ ಬಂದ ಹೆಸರು ಅದು, ಮೂಲದಲ್ಲಿ ಅದು ಸೂರ್ಯನ ಆಲಯ. ಮೊದಲ ಪ್ರವಾಸದಲ್ಲಿ ನಮ್ಮ ಬಸ್ಸಿನಲ್ಲಿದ್ದ ಎಷ್ಟೋ ಮಂದಿ ಒಳಗೆ ಹೋಗಿ ದೇವಿಯೆಂದೇ ಕೈ ಮುಗಿದು ಬಂದಿದ್ದರು. ಭಕ್ತಿಯಲ್ಲಿ ತಪ್ಪಿಲ್ಲ. ಆದರೆ ಅವರಿಗೆ ಹೇಳಬೇಕಾದವರಿಗೆ ಹೇಳುವಷ್ಟು ಬಿಡುವು ಇರಲಿಲ್ಲ.

ಲಾಡಖಾನ್ ಗುಡಿಯ ಛಾವಣಿಯನ್ನು ಅವನು ದೂರ ನಿಂತು ನೋಡಲು ಹೇಳಿದ. ಇಳಿಜಾರಾದ ಕಲ್ಲುಚಪ್ಪಡಿಗಳ ಸಂದುಗಳನ್ನು ಮುಚ್ಚಲು ಮರದ ದಿಮ್ಮಿಯಂತೆ ಕಂಡರಿಸಿದ ಉದ್ದನೆಯ ಕಲ್ಲುಪಟ್ಟಿಗಳನ್ನು ಇಟ್ಟಿದ್ದಾರೆ. ಮರದಲ್ಲಿ ಕಟ್ಟಿ ಪಳಗಿದ ಕೈಗಳು ಕಲ್ಲಿಗೆ ಒಗ್ಗಿಕೊಳ್ಳುತ್ತಿದ್ದುದು ಅಲ್ಲಿ ಕಣ್ಣಿಗೆ ಕಾಣುತ್ತದೆ. ಇಂತಹುದನ್ನು ಫಲಕದಲ್ಲಿ ಓದಿದರೆ ಮನಸ್ಸಿಗೆ ಇಳಿಯುವುದಿಲ್ಲ. ಒಬ್ಬರು ಬೆರಳು ಮಾಡಿ ತೋರಿಸಬೇಕು, ನಾವು ಎರಡು ಹೆಜ್ಜೆ ಹಿಂದೆ ಸರಿದು ನೋಡಬೇಕು. ಬಂಡೆ ಕೊರೆದು ಮಾಡಿದ ರಾವಣಫಡಿ ಗುಹೆಯಲ್ಲಿ ಸಪ್ತಮಾತೃಕೆಯರ ನಡುವೆ ಕುಣಿಯುವ ಹತ್ತು ತೋಳಿನ ಶಿವನ ಮುಂದೆ ನಾವು ಅರ್ಧ ಗಂಟೆ ಸುಮ್ಮನೆ ಕುಳಿತೆವು. ಬಸ್ಸಿನವರಿಗೆ ಇಂತಹ ಅರ್ಧ ಗಂಟೆಯನ್ನು ಯಾರು ಕೊಟ್ಟಾರು?

ಊರ ಹೆಸರಿನ ಕಥೆಯನ್ನೂ ಅವನು ಹೇಳಿದ. ಪರಶುರಾಮ ಕೊಡಲಿ ತೊಳೆದು ನೀರು ಕೆಂಪಾದದ್ದು, ಅದನ್ನು ಕಂಡ ಹೆಣ್ಣುಮಗಳು "ಅಯ್ಯೋ ಹೊಳೆ" ಎಂದು ಕೂಗಿದ್ದು. ಮೊದಲ ಮಾರ್ಗದರ್ಶಿಯೂ ಇದನ್ನೇ ಹೇಳಿದ್ದರು, ಅಲ್ಲಿಗೇ ನಿಲ್ಲಿಸಿದ್ದರು. ಈ ಹುಡುಗ ನಿಲ್ಲಿಸಲಿಲ್ಲ. "ಇದು ಕಥೆ. ಶಾಸನಗಳಲ್ಲಿ ನಮ್ಮೂರ ಹೆಸರು ಅಯ್ಯಾವೊಳೆ" ಎಂದು ಐನೂರ್ವರತ್ತ ಮಾತು ತಿರುಗಿಸಿದ. ಅಯ್ಯಾವೊಳೆಯ ಐನೂರ್ವರೆಂದರೆ ಈ ಊರ ಹೆಸರು ಹೊತ್ತು ದಕ್ಷಿಣ ಭಾರತದ ಉದ್ದಗಲಕ್ಕೂ ವ್ಯಾಪಾರ ಮಾಡಿದ ವರ್ತಕರ ಸಂಘ. ಆ ಐನೂರ್ವರ ಹೆಸರು ಕಡಲಾಚೆ ಸುಮಾತ್ರದ ಬರೂಸ್ ಬಳಿ ದೊರೆತ 1088ರ ತಮಿಳು ಶಾಸನದಲ್ಲೂ ಇದೆ. ಇಷ್ಟು ದೂರ ಹೋದ ಊರನ್ನು ಒಂದು ಕೊಡಲಿಯ ಕಥೆಗೆ ಮುಗಿಸಬಾರದು. ಕಥೆ ಬೇಡವೆಂದು ನಾನು ಹೇಳುತ್ತಿಲ್ಲ, ಜನರ ನೆನಪು ಅದು, ಹೇಳಲೇಬೇಕು. ಆದರೆ ಕಥೆಯನ್ನು ಕಥೆಯೆಂದು, ಚರಿತ್ರೆಯನ್ನು ಚರಿತ್ರೆಯೆಂದು ಬೇರ್ಪಡಿಸಿ ಹೇಳಬಲ್ಲವರು ಬೇಕು.

ಮಧ್ಯಾಹ್ನ ಗುಡ್ಡ ಹತ್ತಿದೆವು. ದಾರಿಯಲ್ಲಿ ಎರಡಂತಸ್ತಿನ ಬೌದ್ಧ ಚೈತ್ಯ, ಮೇಲೆ ಜೈನರ ಮೇಗುಟಿ, ಅದರ ಆಚೆ ಬಂಡೆಯ ಮೇಲೆ ಚಾಲುಕ್ಯರಿಗಿಂತ ಎಷ್ಟೋ ಶತಮಾನ ಹಿಂದಿನ ಬೃಹತ್ ಶಿಲಾಗೋರಿಗಳು. ದೊಡ್ಡ ಚಪ್ಪಡಿಗಳನ್ನು ನಿಲ್ಲಿಸಿ, ಮೇಲೊಂದು ಚಪ್ಪಡಿ ಹೊದಿಸಿದ ಆ ಗೋರಿಗಳ ನಡುವೆ ನಿಂತು ಕೆಳಗಿನ ಊರನ್ನು ನೋಡಿದರೆ, ಇಲ್ಲಿ ಕಲ್ಲೆತ್ತುವ ಕೆಲಸ ಪುಲಕೇಶಿಯಿಂದ ಶುರುವಾದದ್ದಲ್ಲ ಎಂದು ತಾನಾಗಿ ಹೊಳೆಯುತ್ತದೆ. ಗುಡಿಗಳ ನಡುನಡುವೆ ಮನೆಗಳು, ಕೊಟ್ಟಿಗೆಗಳು, ಓಣಿಗಳು. ಊರನ್ನು ಬೇರೆಡೆ ಸ್ಥಳಾಂತರಿಸುವ ಮಾತು ದಶಕಗಳಿಂದ ನಡೆದೇ ಇದೆ. ಆ ವಿಚಾರ ಈ ಪತ್ರದ ಅಳವಿಗೆ ಮೀರಿದ್ದು. ಆದರೆ ಇಷ್ಟಂತೂ ಹೇಳುತ್ತೇನೆ: ಸ್ಮಾರಕಗಳಿಂದಾಗಿ ಮನೆ ಕಟ್ಟಲು, ಗೋಡೆ ಎತ್ತಲು ನಿರ್ಬಂಧಗಳನ್ನು ಹೊತ್ತವರು ಆ ಊರಿನ ಜನ. ಅದೇ ಸ್ಮಾರಕಗಳನ್ನು ತೋರಿಸುವ ಕೆಲಸ ಮೊದಲು ಸಿಗಬೇಕಾದದ್ದು ಅವರ ಮಕ್ಕಳಿಗೆ.

ಅಲ್ಲಿನ ಗುಡಿಗಳು ಕೇಂದ್ರದ ಪುರಾತತ್ವ ಸರ್ವೇಕ್ಷಣೆಯ ಸುಪರ್ದಿಯಲ್ಲಿವೆ ಎಂಬುದು ನನಗೆ ಗೊತ್ತು, ಅವುಗಳ ದುರಸ್ತಿಯನ್ನು ತಮ್ಮಲ್ಲಿ ಕೇಳುತ್ತಿಲ್ಲ. ಪ್ರವಾಸದ ವೇಳಾಪಟ್ಟಿ, ಮಾರ್ಗದರ್ಶಿಗಳ ತರಬೇತಿ, ಅವರಿಗೆ ಕೊಡುವ ಪರವಾನಗಿ ತಮ್ಮ ಕೈಯಲ್ಲಿರುವ ಸಂಗತಿಗಳು. ಐಹೊಳೆಗೆ ಬೇರೆಯದೇ ಒಂದು ಇಡೀ ದಿನದ ಪ್ರವಾಸ ಕೊಡಿ. ಬಸ್ಸಿನದಲ್ಲ, ಕಾಲ್ನಡಿಗೆಯದು. ಬಿಸಿಲೇರುವ ಮುನ್ನ ಮೇಗುಟಿಯಿಂದ ಆರಂಭವಾಗಿ, ಇಳಿದು ಊರೊಳಗಿನ ಗುಡಿಗಳಿಗೆ ಬಂದು, ರಾವಣಫಡಿಯಲ್ಲಿ ಕುಳಿತು, ವಸ್ತುಸಂಗ್ರಹಾಲಯದಲ್ಲಿ ಮುಗಿಯಲಿ. ಒಬ್ಬ ಮಾರ್ಗದರ್ಶಿಯ ಹಿಂದೆ ಇಪ್ಪತ್ತಕ್ಕಿಂತ ಹೆಚ್ಚು ಜನ ಬೇಡ, ಹಿಂದಿನ ಸಾಲಿನವರಿಗೆ ಏನೂ ಕೇಳಿಸುವುದಿಲ್ಲ. ಮೂರೂ ಊರುಗಳನ್ನು ಒಂದೇ ದಿನದಲ್ಲಿ ನೋಡಬೇಕೆನ್ನುವವರು ಹಾಗೆಯೇ ನೋಡಲಿ, ಆದರೆ ನಿಂತು ನೋಡಬೇಕೆನ್ನುವವರಿಗೂ ಒಂದು ದಾರಿ ಇರಲಿ.

ತರಬೇತಿಯ ಬಗ್ಗೆ ಒಂದು ಮಾತು ವಿಶೇಷವಾಗಿ ಹೇಳಬೇಕು. ರಾಜವಂಶಗಳ ಪಟ್ಟಿ ಬಾಯಿಪಾಠ ಮಾಡಿಸಿ ಕಳುಹಿಸಿದರೆ ಸಾಲದು. ನಮ್ಮ ವಿಶ್ವವಿದ್ಯಾಲಯಗಳಲ್ಲಿ ಹಳೆಯ ಲಿಪಿ ಓದಬಲ್ಲ ಶಾಸನತಜ್ಞರಿದ್ದಾರೆ. ಅವರನ್ನು ಕೆಲವು ವಾರ ಐಹೊಳೆಗೆ ಕರೆಸಿ, ಊರಿನ ಯುವಕ ಯುವತಿಯರನ್ನು ಆ ಗೋಡೆಗಳ ಮುಂದೆಯೇ ಕೂರಿಸಿ ಕಲಿಸಿ. ಇಡೀ ಶಾಸನ ಬೇಡ, ನಾಲ್ಕು ಸಾಲು ಓದಿ ಅರ್ಥ ಹೇಳಲು ಬಂದರೆ ಸಾಕು. ಗುಡ್ಡ ಹತ್ತಲಾಗದ ಹಿರಿಯರಿಗೆ, ಗಾಲಿಕುರ್ಚಿಯಲ್ಲಿ ಬರುವವರಿಗೆ ಶಾಸನದ ಅಚ್ಚುಪ್ರತಿಯೊಂದು ಕೆಳಗೆ ಇರಲಿ, ಪಕ್ಕದಲ್ಲಿ ಇಂದಿನ ಕನ್ನಡದಲ್ಲಿ ಅದರ ಸಾರವಿರಲಿ. ಐಹೊಳೆಯ ಶಾಸನವೊಂದು ನರಸೊಬ್ಬನೆಂಬ ಶಿಲ್ಪಿಯನ್ನು, ಮನೆ, ದೇಗುಲ ಕಟ್ಟುವುದರಲ್ಲಿ ಅವನಂಥ ಕುಶಲಿ ಜಂಬೂದ್ವೀಪದಲ್ಲೇ ಇಲ್ಲವೆಂದು ಹೊಗಳುತ್ತದೆ. ರಾಜರ ಹೆಸರಿನ ಜೊತೆಗೆ ಆ ಹೆಸರನ್ನೂ ಮಕ್ಕಳು ಕೇಳಿಸಿಕೊಂಡು ಹೋಗಲಿ.

ಮೇಗುಟಿಯ ಪೂರ್ವದ ಗೋಡೆಯ ಮುಂದೆ ನಾವು ಬಹಳ ಹೊತ್ತು ನಿಂತಿದ್ದೆವು. ಭಾಷೆ ಸಂಸ್ಕೃತವಾದರೂ ಲಿಪಿ ನಮ್ಮದೇ ಎಂದು ಹೇಳಿದಾಗ ಮಗಳು ಗೋಡೆಯ ಹತ್ತಿರಕ್ಕೆ ಹೋಗಿ, ಮುಟ್ಟದೆ, ಅಕ್ಷರಗಳನ್ನು ಹುಡುಕತೊಡಗಿದಳು. ಕೊನೆಗೆ ಎರಡು ಅಕ್ಷರ ಗುರುತು ಸಿಕ್ಕಿತೆಂದು ಅವುಗಳನ್ನು ಇದ್ದ ಹಾಗೆಯೇ ತನ್ನ ನೋಟ್ ಪುಸ್ತಕದಲ್ಲಿ ಬರೆದುಕೊಂಡಳು. ಸರಿಯೇ ಎಂದು ನನ್ನನ್ನು ಕೇಳಿದಳು, ನನಗೆ ಗೊತ್ತಿರಲಿಲ್ಲ. ಆ ತರುಣನನ್ನು ಕೇಳಿದಳು. ಅವನೂ ತಲೆ ತಗ್ಗಿಸಿ, "ಓದುವುದನ್ನು ನಮಗೆ ಯಾರೂ ಕಲಿಸಿಲ್ಲ" ಎಂದ. ಆ ಪುಟ ಇನ್ನೂ ಅವಳ ಬಳಿ ಇದೆ. ಮುಂದಿನ ವರ್ಷ ನಾವು ಮತ್ತೆ ಅಲ್ಲಿಗೆ ಹೋಗುತ್ತೇವೆ. ಅಷ್ಟರೊಳಗೆ ಅವನಿಗೆ ಓದಲು ಕಲಿಸಿಕೊಡಿ.

ಇಂತಿ ತಮ್ಮ ವಿಶ್ವಾಸಿ,
ಐಹೊಳೆಗೆ ಎರಡು ಸಲ ಹೋಗಿಬಂದ ಒಬ್ಬ ತಾಯಿ