ಸ್ಪೀಕರ್ ಪೆಟ್ಟಿಗೆಯ ಮೇಲೆ ಓಮ್ ಎಷ್ಟೆಂದು ಬರೆಯಲಿ

ಮಾನ್ಯ ಸಂಪಾದಕರೇ,

ಹಬ್ಬದ ರಿಯಾಯಿತಿ ಮಾರಾಟದ ಪುಟಗಳಲ್ಲಿ ಈ ಸಲವೂ ‘5000 ವಾಟ್ ಪಿಎಂಪಿಒ’ ಎಂದು ದಪ್ಪಕ್ಷರದಲ್ಲಿ ಅಚ್ಚಾದ ಸ್ಪೀಕರ್ ಜಾಹೀರಾತುಗಳನ್ನು ಕಂಡೆ (ಪಿಎಂಪಿಒ ಎಂದರೆ ಕ್ಷಣಮಾತ್ರದ ಗರಿಷ್ಠ ಶಕ್ತಿ ಎಂದು ತಯಾರಕರು ಹೇಳಿಕೊಳ್ಳುವ ಸಂಖ್ಯೆ). ಮನೆಯ ಗೋಡೆಯಲ್ಲಿರುವ 6 ಆಂಪಿಯರ್ ಸಾಕೆಟ್ಟಿನಿಂದ 230 ವೋಲ್ಟಿನಲ್ಲಿ ಪಡೆಯಬಹುದಾದ ವಿದ್ಯುತ್ತೇ 1380 ವಾಟ್. ಅಂಥದೇ ಒಂದು ಸೆಟ್ಟಿನ ಜೊತೆ ಬಂದಿದ್ದ ಅಡಾಪ್ಟರನ್ನು ತಿರುಗಿಸಿ ನೋಡಿದರೆ, ಅದರ ಬೆನ್ನ ಮೇಲೆ ಸಣ್ಣಕ್ಷರದಲ್ಲಿ 12 ವೋಲ್ಟ್, 2 ಆಂಪಿಯರ್ ಎಂದಿತ್ತು. ಗುಣಿಸಿದರೆ 24 ವಾಟ್. ಪಿಎಂಪಿಒ ಎಂಬುದನ್ನು ಅಳೆಯಲು ಎಲ್ಲರೂ ಒಪ್ಪಿದ ಕ್ರಮವೇ ಇಲ್ಲವಾದ್ದರಿಂದ ತಯಾರಕರು ತಮಗೆ ತೋಚಿದ ಸಂಖ್ಯೆಯನ್ನು ಬರೆಯುತ್ತಾರೆ. ಆದರೆ ಕೊಳ್ಳುವವನಿಗೆ ನಿಜವಾಗಿ ಬೇಕಾದ ಆರ್‌ಎಂಎಸ್ ವಾಟ್ (ಎಡೆಬಿಡದೆ ತಾಳಬಲ್ಲ ಶಕ್ತಿ), ಓಮ್ (ವಿದ್ಯುತ್ತಿಗೆ ಸ್ಪೀಕರ್ ಒಡ್ಡುವ ರೋಧ) ಮತ್ತು ಸೆನ್ಸಿಟಿವಿಟಿ ಎಂಬ ಮೂರು ಸಂಖ್ಯೆಗಳು ಬಹಳಷ್ಟು ಸಲ ಪೆಟ್ಟಿಗೆಯ ಮೇಲೂ ಇರುವುದಿಲ್ಲ, ಜಾಹೀರಾತಿನಲ್ಲೂ ಇರುವುದಿಲ್ಲ. ರೇಡಿಯೊ, ಟೇಪ್‌ರೆಕಾರ್ಡರ್ ರಿಪೇರಿಯಲ್ಲೇ ದಶಕಗಳನ್ನು ಕಳೆದವನಾಗಿ ಈ ಬಗ್ಗೆ ನಾಲ್ಕು ಮಾತು ಬರೆಯುತ್ತಿದ್ದೇನೆ.

ಮನೆಯಲ್ಲಿ ಕುಳಿತು ಹಾಡು, ಕಛೇರಿ, ಯಕ್ಷಗಾನದ ಧ್ವನಿಮುದ್ರಣ ಕೇಳುವವರಿಗೆ ನಾಲ್ಕರಿಂದ ಆರು ಇಂಚಿನ, ಒಂದೇ ಕೋನ್ (ಅದುರುವ ಪರದೆ) ಎಲ್ಲ ಸ್ವರಗಳನ್ನೂ ಹೊರಡಿಸುವ ಒಂದು ಜೊತೆ ಫುಲ್‌ರೇಂಜ್ ಸ್ಪೀಕರ್ ಸಾಕು ಎಂಬುದು ನನ್ನ ಅನುಭವ. ದೊಡ್ಡ ಪೆಟ್ಟಿಗೆಗಳಲ್ಲಿ ತಗ್ಗಿನ ಸ್ವರಕ್ಕೆ ವೂಫರ್, ಮೇಲಿನ ಸ್ವರಕ್ಕೆ ಟ್ವೀಟರ್ ಎಂದು ಧ್ವನಿಯನ್ನು ಹಂಚುವ ಕ್ರಾಸ್‌ಓವರ್ ಇರುತ್ತದೆ. ಆ ಹಂಚಿಕೆ ಬಹಳಷ್ಟು ಸಲ ಎರಡು–ಮೂರು ಸಾವಿರ ಹರ್ಟ್ಸ್ ಆಸುಪಾಸಿನಲ್ಲಿ, ಅಂದರೆ ಮಾತಿನ ವ್ಯಂಜನಗಳು ಸ್ಪಷ್ಟವಾಗಬೇಕಾದ ಜಾಗದಲ್ಲೇ, ನಡೆಯುತ್ತದೆ. ಒಂದೇ ಕೋನಿನ ಸ್ಪೀಕರಿಗೆ ಈ ತಾಪತ್ರಯವಿಲ್ಲ. ಗಾಯಕರ ಕಂಠ, ಪಿಟೀಲು, ತಂಬೂರಿಯ ನಾದ ಒಂದೇ ಬಿಂದುವಿನಿಂದ ಹೊರಡುತ್ತವೆ. ಮೃದಂಗದ ತೊಪ್ಪಿಯ ಗುಂ ಎನ್ನುವ ನಾದ ಮಾತ್ರ ಪೂರ್ತಿ ಬಾರದು, ಅದನ್ನು ಮುಚ್ಚಿಡಬೇಕಿಲ್ಲ. ಮದುವೆ ಮೆರವಣಿಗೆಯ ಡಿಜೆಯ ಅಬ್ಬರ ಬೇಕೆನ್ನುವವರು ಬೇರೆಯದನ್ನೇ ಕೊಳ್ಳಲಿ.

ಆರಿಸುವಾಗ ವಾಟಿಗಿಂತ ಮೊದಲು ಕೇಳಬೇಕಾದದ್ದು ಸೆನ್ಸಿಟಿವಿಟಿ, ಅಂದರೆ ಒಂದು ವಾಟ್ ಕೊಟ್ಟಾಗ ಒಂದು ಮೀಟರ್ ದೂರದಲ್ಲಿ ಎಷ್ಟು ಡೆಸಿಬೆಲ್ ಸದ್ದು ಬರುತ್ತದೆ ಎಂಬ ಲೆಕ್ಕ. ಮೂರು ಡೆಸಿಬೆಲ್ ಏರಿಸಲು ಆಂಪ್ಲಿಫೈಯರಿನ ಶಕ್ತಿ ಇಮ್ಮಡಿಯಾಗಬೇಕು. ಆದ್ದರಿಂದ 92 ಡೆಸಿಬೆಲ್‌ನ ಸ್ಪೀಕರ್ 10 ವಾಟಿನಲ್ಲಿ ಹೊರಡಿಸುವ ಸದ್ದನ್ನು 86 ಡೆಸಿಬೆಲ್‌ನ ಸ್ಪೀಕರಿನಿಂದ ಪಡೆಯಲು 40 ವಾಟ್ ಬೇಕು. ಅಂಗಡಿಯಲ್ಲಿ ಇದನ್ನು ಕೇಳಿದರೆ ‘ಸಾರ್, ಸೌಂಡು ಚೆನ್ನಾಗಿದೆ, ತಗೊಂಡು ಹೋಗಿ’ ಎಂಬ ಉತ್ತರ ಸಿಗುತ್ತದೆ.

ಓಮ್ ವಿಷಯದಲ್ಲಿ ನಡೆಯುವ ಹಾನಿ ಇನ್ನೂ ಹೆಚ್ಚು. ಅಗ್ಗವೆಂದು ಕಾರಿನ ಸ್ಪೀಕರುಗಳನ್ನು ತಂದು ಪ್ಲೈವುಡ್ ಪೆಟ್ಟಿಗೆಗೋ ಮಣ್ಣಿನ ಮಡಕೆಯ ಬಾಯಿಗೋ ಕೂರಿಸುವವರು ನಮ್ಮಲ್ಲಿ ಬಹಳ (ಮಡಕೆಯ ನಾದವನ್ನು ನಾನೂ ಮೆಚ್ಚಿದವನೇ). ಅವು ಸಾಮಾನ್ಯವಾಗಿ 4 ಓಮ್‌ನವು. ಎರಡನ್ನು ಪ್ಯಾರಲಲ್ ಆಗಿ (ಪ್ಲಸ್ಸಿಗೆ ಪ್ಲಸ್, ಮೈನಸ್ಸಿಗೆ ಮೈನಸ್) ಜೋಡಿಸಿದರೆ 2 ಓಮ್ ಆಗಿ, ವಿದ್ಯುತ್ತು ಹೆಚ್ಚಾಗಿ ಹರಿದು, 8 ಓಮ್‌ಗೆಂದು ಮಾಡಿದ ಆಂಪ್ಲಿಫೈಯರ್ ಬಿಸಿಯಾಗಿ ಸುಟ್ಟುಹೋಗಬಹುದು. ಸೀರೀಸ್ ಆಗಿ (ಒಂದರ ಹಿಂದೆ ಒಂದರಂತೆ) ಜೋಡಿಸಿದರೆ 8 ಓಮ್ ಆಗುತ್ತದೆ. ಅಚ್ಚು ಅಳಿಸಿಹೋದ ಸ್ಪೀಕರನ್ನು ಮಲ್ಟಿಮೀಟರಿನಲ್ಲಿ ನೋಡಿದಾಗ ಆರರ ಸುಮಾರಿಗೆ ತೋರಿಸಿದರೆ ಅದು 8 ಓಮ್‌ನದು, ಮೂರು ಚಿಲ್ಲರೆ ತೋರಿಸಿದರೆ 4 ಓಮ್‌ನದು ಎಂದು ತಿಳಿಯಬಹುದು.

ಇಷ್ಟೆಲ್ಲ ಬಲ್ಲ ನಾನೇ ಕಳೆದ ವರ್ಷ ಅಕ್ಕನ ಮನೆಯಲ್ಲಿ ಎಡವಿದೆ. ಟೇಪ್‌ರೆಕಾರ್ಡರ್ ಕಾಲದಲ್ಲಿ ಅವರ ನಡುಮನೆಯ ಗೋಡೆಯೊಳಗೆ ಮೂರೇ ತಂತಿ ಎಳೆದಿದ್ದರು: ಎಡಕ್ಕೊಂದು, ಬಲಕ್ಕೊಂದು, ಎರಡಕ್ಕೂ ಸೇರಿ ಒಂದು ಅರ್ತ್. ಆ ಕಾಲದ ಆಂಪ್ಲಿಫೈಯರುಗಳಿಗೆ ಅದು ನಡೆಯುತ್ತಿತ್ತು. ಅಂಗೈಯಗಲದ ಹೊಸ ಆಂಪ್ಲಿಫೈಯರನ್ನು ಅದೇ ತಂತಿಗೆ ಸಿಕ್ಕಿಸಿ, ಎರಡೂ ಕಪ್ಪು ಟರ್ಮಿನಲ್‌ಗಳನ್ನು ಒಟ್ಟಿಗೆ ತಿರುಚಿದೆ. ಸ್ವಿಚ್ ಹಾಕಿದ ಕೂಡಲೇ ಟಪ್ಪೆಂದಿತು, ಸುಟ್ಟ ವಾಸನೆ ಬಂತು. ಈಗಿನ ಬಹುತೇಕ ಕ್ಲಾಸ್ ಡಿ (ಇಂಥ ಚಿಕ್ಕ, ಕಡಿಮೆ ಬಿಸಿಯಾಗುವ ಬಗೆಯ) ಆಂಪ್ಲಿಫೈಯರುಗಳಲ್ಲಿ ಔಟ್‌ಪುಟ್ ಬ್ರಿಜ್ ಮಾದರಿಯದ್ದು. ಅಲ್ಲಿ ಕಪ್ಪು ಟರ್ಮಿನಲ್ ಅರ್ತ್ ಅಲ್ಲ, ಅದರಲ್ಲೂ ಸಿಗ್ನಲ್ ಇರುತ್ತದೆ. ಹೀಗಾಗಿ ಪ್ರತಿ ಸ್ಪೀಕರಿಗೂ ಎರಡೆರಡು ತಂತಿ ಬೇರೆಯಾಗಿಯೇ ಹೋಗಬೇಕು. ಕೊಟ್ಟ ಅಂಗಡಿಯವರು ‘ಸುಟ್ಟಿದ್ದಕ್ಕೆ ವಾರಂಟಿ ಇಲ್ಲ’ ಎಂದರು. ಎಚ್ಚರಿಕೆ ಎಲ್ಲಿ ಬರೆದಿದೆ ಎಂದು ಕೇಳಿದ್ದಕ್ಕೆ, ಚೀನೀ ಅಕ್ಷರಗಳಿದ್ದ ಚೀಟಿಯೊಂದನ್ನು ಮುಂದಿಟ್ಟರು. ಅಕ್ಕ ಇಂದಿಗೂ ಬಂದವರಿಗೆಲ್ಲ ಈ ಕಥೆ ಹೇಳುತ್ತಾಳೆ.

ತಂತಿಯ ದಪ್ಪವನ್ನೂ ಯಾರೂ ಹೇಳುವುದಿಲ್ಲ. ಕರೆಗಂಟೆಗೆ ಬಳಸುವಂಥ ಸಣ್ಣ ತಂತಿಯನ್ನು ಹತ್ತು ಮೀಟರ್ ಎಳೆದರೆ, ಹೋಗಿಬರುವ ದಾರಿ ಸೇರಿ ಅದರಲ್ಲೇ ಒಂದೂವರೆ ಓಮ್‌ಗಿಂತ ಹೆಚ್ಚಿನ ರೋಧ ಸೇರಿಕೊಳ್ಳುತ್ತದೆ, 1.5 ಚದರ ಮಿಲಿಮೀಟರಿನ ತಾಮ್ರದ ತಂತಿಯಲ್ಲಿ ಅದು ಕಾಲು ಓಮ್‌ನಷ್ಟು. ಸಾವಿರಾರು ರೂಪಾಯಿಯ ವಿಶೇಷ ಕೇಬಲ್ ಯಾರಿಗೂ ಬೇಕಿಲ್ಲ, ವಯರಿಂಗ್‌ಗೆ ಬಳಸುವ ತಂತಿಯೇ ಸಾಕು. ಪ್ಲಸ್‌ ಪ್ಲಸ್ಸಿಗೇ ಸೇರಬೇಕೆಂಬುದನ್ನು ಮಾತ್ರ ಮರೆಯಬಾರದು. ಎರಡರಲ್ಲಿ ಒಂದು ತಿರುಗುಮುರುಗಾದರೆ ತಗ್ಗಿನ ಸ್ವರಗಳು ಒಂದನ್ನೊಂದು ನುಂಗಿಹಾಕುತ್ತವೆ, ನಡುವೆ ಕುಳಿತಂತೆ ಕೇಳಿಸಬೇಕಾದ ಗಾಯಕರು ಕೋಣೆಯಲ್ಲೆಲ್ಲ ಚದುರಿಹೋಗುತ್ತಾರೆ. ಗುರುತು ಇಲ್ಲದ ಸ್ಪೀಕರಿಗೆ ಗಡಿಯಾರದ 1.5 ವೋಲ್ಟ್ ಸೆಲ್ಲನ್ನು ಒಂದು ಕ್ಷಣ ಮುಟ್ಟಿಸಿ ನೋಡಬೇಕು: ಕೋನ್ ಮುಂದಕ್ಕೆ ಉಬ್ಬಿದರೆ ಸೆಲ್ಲಿನ ಪ್ಲಸ್ ತಗುಲಿದ ತುದಿಯೇ ಸ್ಪೀಕರಿನ ಪ್ಲಸ್.

ಫ್ರಿಜ್ ಕೊಳ್ಳುವವರು ಅದರ ಮೇಲಿನ ಸ್ಟಾರ್ ಚೀಟಿಯಲ್ಲಿ ವರ್ಷಕ್ಕೆ ಎಷ್ಟು ಯೂನಿಟ್ ಖರ್ಚಾಗುತ್ತದೆ ಎಂಬುದನ್ನು ಓದಿಯೇ ಹಣ ಕೊಡುತ್ತಾರೆ. ಸ್ಪೀಕರ್ ಪೆಟ್ಟಿಗೆಯ ಮೇಲೂ ನಾನು ಮೇಲೆ ಹೇಳಿದ ಮೂರು ಸಂಖ್ಯೆಗಳನ್ನು, ಆಂಪ್ಲಿಫೈಯರಿನ ಮೇಲೆ ‘ಕಪ್ಪು ಟರ್ಮಿನಲ್‌ಗಳನ್ನು ಒಂದಕ್ಕೊಂದು ಸೇರಿಸಬಾರದು’ ಎಂಬ ಸಾಲನ್ನು ಕನ್ನಡದಲ್ಲಿ ಅಚ್ಚುಮಾಡುವಂತೆ ಗ್ರಾಹಕ ವ್ಯವಹಾರಗಳ ಇಲಾಖೆ ಸೂಚಿಸಬೇಕು. ಅಲ್ಲಿಯವರೆಗೆ, ಪಿಎಂಪಿಒ ಎಂದು ಬರೆದ ಜಾಹೀರಾತು ತಮ್ಮ ಕಚೇರಿಗೆ ಬಂದಾಗ ಆರ್‌ಎಂಎಸ್ ಎಷ್ಟೆಂದು ಕೇಳಿ, ಅದನ್ನೂ ಪಕ್ಕದಲ್ಲಿ ಅಚ್ಚುಮಾಡಬೇಕೆಂದು ತಮ್ಮಲ್ಲಿ ವಿನಂತಿಸುತ್ತೇನೆ.

ತಮ್ಮ ವಿಶ್ವಾಸಿ,
ನಿವೃತ್ತ ರೇಡಿಯೊ ಮೆಕ್ಯಾನಿಕ್, ಶಿವಮೊಗ್ಗ