ಜಿಲ್ಲಾ ಪುಟ ದಾಟದ ಸುದ್ದಿ

ಬೆಳಗಾವಿ

ಪ್ರೀತಿಯ ದೋಸ್ತ,

2025ರ ನವೆಂಬರ್‌ನಲ್ಲಿ ಕಬ್ಬಿನ ದರದ ಹೋರಾಟ ನಡೆದಾಗ ನೀನು ವಾಟ್ಸಾಪ್‌ನಲ್ಲಿ ಒಂದು ಪ್ರಶ್ನೆ ಕೇಳಿದ್ದೆ. "ಎಫ್‌ಆರ್‌ಪಿಯೇ ಟನ್ನಿಗೆ 3,550 ಇದೆಯಂತೆ. ನಿಮ್ಮ ಕಡೆಯವರು 3,500 ಕೊಡಿ ಅಂತ ರಸ್ತೆ ತಡೀತಾರಲ್ಲ, ಲೆಕ್ಕ ಬರಲ್ವಾ?" ಅಂತ. ಎಫ್‌ಆರ್‌ಪಿ ಅಂದರೆ ಕಬ್ಬಿಗೆ ಫ್ಯಾಕ್ಟರಿ ಕೊಡಲೇಬೇಕು ಅಂತ ಕೇಂದ್ರ ನಿಗದಿ ಮಾಡುವ ಕನಿಷ್ಠ ದರ. ಓದಿ ಸಿಟ್ಟು ಬಂದಿತ್ತು. ಆದರೆ ನೀನು ದಿನಾ ಎರಡು ಪೇಪರ್ ಓದುವವನು. ಎರಡು ಪೇಪರ್ ಓದಿದ ಮೇಲೂ ಈ ಪ್ರಶ್ನೆ ಉಳಿದಿದೆ ಅಂದರೆ ತಕರಾರು ನಿನ್ನ ಲೆಕ್ಕದಲ್ಲಿಲ್ಲ, ಪೇಪರಿನಲ್ಲಿದೆ. ಪೇಪರಿನ ಕೆಲಸವನ್ನೇ ಕಲಿಯುತ್ತಿರುವ ನಾನು ಇದಕ್ಕೆ ಒಂದು ಇಮೋಜಿ ಕಳಿಸಿ ಸುಮ್ಮನಿರುವುದು ಸರಿಯಲ್ಲ. ಪರೀಕ್ಷೆ ಮುಗಿದಿದೆ, ಉದ್ದ ಬರೆಯುತ್ತೇನೆ. ಚಹಾ ಇಟ್ಟುಕೊಂಡು ಕೂತ್ಕೋ.

ಮೊದಲು ಲೆಕ್ಕ. 2025-26ರ ಹಂಗಾಮಿಗೆ ಕೇಂದ್ರ ನಿಗದಿ ಮಾಡಿದ್ದು ಟನ್ನಿಗೆ 3,550 ರೂಪಾಯಿ, ನಿಜ. ಅದು ರಿಕವರಿ ಶೇ 10.25 ಇದ್ದಾಗ. ಅಂದರೆ ನೂರು ಕೆಜಿ ಕಬ್ಬು ನುರಿಸಿದರೆ ಹತ್ತೂಕಾಲು ಕೆಜಿ ಸಕ್ಕರೆ ಬರಬೇಕು. ಅದಕ್ಕಿಂತ ಜಾಸ್ತಿ ಬಂದರೆ ಪ್ರತಿ ಒಂದು ಪರ್ಸೆಂಟಿಗೆ 346 ರೂಪಾಯಿ ಸೇರುತ್ತದೆ. ಕಡಿಮೆಯಾದರೆ ಇಳಿಯುತ್ತದೆ, ಆದರೆ 9.5ಕ್ಕಿಂತ ಎಷ್ಟೇ ಕೆಳಗೆ ಹೋದರೂ 3,290.50 ಕೊಡಲೇಬೇಕು. ಇಷ್ಟು ಎಲ್ಲರೂ ಬರೆದರು. ಬರೆಯದೇ ಬಿಟ್ಟಿದ್ದು ಇದು: ಈ ದರ ಕಬ್ಬು ಫ್ಯಾಕ್ಟರಿ ಗೇಟು ಮುಟ್ಟಿದಾಗಿನದು. ಹೊಲದಲ್ಲಿ ಕಡಿಯುವ ಗ್ಯಾಂಗಿನ ಕೂಲಿ, ಟ್ರ್ಯಾಕ್ಟರ್ ಬಾಡಿಗೆ ಎಲ್ಲವೂ ಅದರಲ್ಲೇ ಮುರಿದುಹೋಗುತ್ತದೆ. ಕಟಾವು-ಸಾಗಾಣಿಕೆ ಅನ್ನುವ ಈ ಬಾಬತ್ತು ಟನ್ನಿಗೆ ಏಳೆಂಟು ನೂರು, ಹೊಲ ದೂರವಿದ್ದರೆ ಇನ್ನೂ ಜಾಸ್ತಿ. ಬೆಳಗಾವಿ ಜಿಲ್ಲೆಯ ಗುರ್ಲಾಪುರ ಕ್ರಾಸಿನಲ್ಲಿ ಹೋರಾಟಕ್ಕೆ ಕುಳಿತವರು ಕೇಳಿದ್ದು ಇದೆಲ್ಲ ಹೋಗಿ ಕೈಗೆ ಸಿಗುವ 3,500. ಕೊನೆಗೆ ಇತ್ಯರ್ಥವಾಗಿದ್ದು 3,300ಕ್ಕೆ, ಅದೂ ರಿಕವರಿ 11.25 ಇದ್ದರೆ. ರಿಕವರಿ ಎಷ್ಟು ಬಂತು ಅಂತ ಹೇಳುವವರೂ ಫ್ಯಾಕ್ಟರಿಯವರೇ, ಕಾಟಾದಲ್ಲಿ ಗಾಡಿ ತೂಗುವವರೂ ಅವರೇ. ರೈತರ ಸಿಟ್ಟು ದರದ್ದಷ್ಟೇ ಆಗಿರಲಿಲ್ಲ, ಈ ನಂಬಿಕೆಯದ್ದೂ ಆಗಿತ್ತು.

ಇದನ್ನು ಹೇಳಲು ನನಗೆ ಒಂದು ಪ್ಯಾರಾ ಸಾಕಾಯಿತು. ಹಾಗಾದರೆ ಪೇಪರಿನಲ್ಲಿ ಯಾಕೆ ಸಿಗಲಿಲ್ಲ?

ಸಿಕ್ಕಿತ್ತು ಮಾರಾಯಾ, ನಿನಗೆ ಸಿಗಲಿಲ್ಲ ಅಷ್ಟೇ. ನಮ್ಮ ಮುಧೋಳ ಕಡೆಯ ಒಬ್ಬ ವರದಿಗಾರ ಕಾಕಾ ಕಟಾವು-ಸಾಗಾಣಿಕೆಯ ಲೆಕ್ಕವನ್ನು ನೀಟಾಗಿ ಬರೆದಿದ್ದರು. ಅದು ಬಂದಿದ್ದು ಜಿಲ್ಲಾ ಪುಟದಲ್ಲಿ. ಜಿಲ್ಲಾ ಪುಟ ಬಾಗಲಕೋಟೆಯಲ್ಲಿ ಹಂಚುವ ಪ್ರತಿಯಲ್ಲಿ ಮಾತ್ರ ಇರುತ್ತದೆ. ಅಂದರೆ ಲೆಕ್ಕ ಗೊತ್ತಿರುವ ರೈತನೇ ಮತ್ತೆ ಆ ಲೆಕ್ಕ ಓದಿದ. ಗೊತ್ತಿಲ್ಲದ ನೀನು ಬೆಂಗಳೂರಿನಲ್ಲಿ ನಿಮ್ಮ ಏರಿಯಾದ ಗುಂಡಿ ರಸ್ತೆಯ ಸುದ್ದಿ ಓದಿದೆ. ಜಿಲ್ಲೆಗೊಂದು ಆವೃತ್ತಿ ಬಂದಾಗ ಇದೊಂದು ಕ್ರಾಂತಿ ಅಂದಿದ್ದರಂತೆ. ಹಳ್ಳಿಯ ಸುದ್ದಿಗೆ ಜಾಗ ಸಿಕ್ಕಿತು, ನಿಜ. ಅದಕ್ಕೆ ಬೇಲಿಯೂ ಬಿತ್ತು. ಈಗ ಇಲ್ಲಿನ ಸುದ್ದಿ ಆ ಬೇಲಿ ದಾಟಿ ನಿನ್ನ ತನಕ ಬರಬೇಕಾದರೆ ಏನಾದರೂ ಹೊತ್ತಿ ಉರಿಯಬೇಕು. ಮುಧೋಳದ ಕಡೆ ಕಬ್ಬು ತುಂಬಿದ ಟ್ರ್ಯಾಕ್ಟರ್‌ಗಳಿಗೆ ಬೆಂಕಿ ಬಿತ್ತಲ್ಲ, ಅವತ್ತು ಎಲ್ಲ ಚಾನೆಲ್‌ಗಳೂ ಬಂದವು. ಮರುದಿನ ಮುಖಪುಟ. ಆಮೇಲೆ ಮತ್ತೆ ಗುಂಡಿ ರಸ್ತೆ.

ಆ ಕಾಕಾನ ಬಗ್ಗೆ ಸ್ವಲ್ಪ ಹೇಳಬೇಕು. ತಾಲೂಕಿನಲ್ಲಿ ಸುದ್ದಿ ಬರೆಯುವವರಲ್ಲಿ ಹೆಚ್ಚಿನವರು ಇವರ ಹಾಗೆ ಅರೆಕಾಲಿಕ. ಜೆರಾಕ್ಸ್ ಅಂಗಡಿ ಇದೆ, ಅದರಿಂದಲೇ ಮನೆ ನಡೆಯಬೇಕು. ಪತ್ರಿಕೆಯಿಂದ ಬರುವ ಗೌರವಧನ ಪೆಟ್ರೋಲಿಗೆ ಸಾಲುವುದಿಲ್ಲ. ಮೇಲಿಂದ ಜಾತ್ರೆ ಪುರವಣಿ, ನಾಯಕರ ಹುಟ್ಟುಹಬ್ಬದ ಪುರವಣಿ ಅಂತ ಜಾಹೀರಾತು ತರುವ ಕೆಲಸ ಬೇರೆ. ಬೆಳಿಗ್ಗೆ ಯಾರ ಹತ್ತಿರ ಜಾಹೀರಾತು ಕೇಳಿದನೋ ಸಂಜೆ ಅವರ ವಿರುದ್ಧ ಸುದ್ದಿ ಬರೆಯುವುದು ಹೇಗೆ, ನೀನೇ ಹೇಳು. ಇಷ್ಟಾದರೂ ಆತನಿಗೆ ತಾಲೂಕಿನ ಪ್ರತಿ ಕಾಲುವೆಯೂ ಗೊತ್ತು, ಯಾವ ಸೊಸೈಟಿಯಲ್ಲಿ ಯಾರ ಸಾಲ ಮನ್ನಾ ಆಯಿತು, ಯಾರದು ಆಗಲಿಲ್ಲ ಅನ್ನುವುದೂ ಗೊತ್ತು.

ನಾನೊಮ್ಮೆ ಅವರನ್ನು ಕೇಳಿದೆ. ಸುದ್ದಿಯ ಕೊನೆಗೆ ಹತ್ತು ಜನರ ಹೆಸರು ಬರೆದು "ಇತರರು ಉಪಸ್ಥಿತರಿದ್ದರು" ಅಂತ ಹಾಕ್ತೀರಲ್ಲ, ಆ ಜಾಗದಲ್ಲಿ ಎರಡು ಸಾಲು ವಿವರ ಹಾಕಬಾರದಾ ಅಂತ. ನಕ್ಕರು. "ಏ ತಮ್ಮಾ, ಹೆಸರು ಬಿಟ್ರ ಮುಂಜಾನಿ ಫೋನ್ ಬರತೈತಿ. ರಿಕವರಿ ಲೆಕ್ಕ ಬಿಟ್ರ ಯಾರ ಫೋನ್ ಮಾಡ್ತಾರ?" ಅಂದರು. ಎರಡು ವರ್ಷದ ಪಾಠದಲ್ಲಿ ಪತ್ರಿಕೆಯ ಬಗ್ಗೆ ಇಷ್ಟು ಸತ್ಯವಾದ ಮಾತು ನಾನು ಕೇಳಿಲ್ಲ.

ಕ್ಲಾಸಿನಲ್ಲಿ ನಮಗೆ ಮೊದಲು ಹೇಳಿಕೊಡುವುದು ತಲೆಕೆಳಗಾದ ಪಿರಮಿಡ್. ಮುಖ್ಯವಾದದ್ದು ಮೇಲೆ, ಉಳಿದದ್ದು ಕೆಳಗೆ. ಯಾರು, ಏನು, ಎಲ್ಲಿ, ಯಾವಾಗ, ಯಾಕೆ, ಹೇಗೆ, ಆರಕ್ಕೂ ಉತ್ತರ ಇರಬೇಕು. ಜಾಗ ಸಾಲದಿದ್ದರೆ ಉಪಸಂಪಾದಕರು ಕೆಳಗಿನಿಂದ ಕತ್ತರಿಸುತ್ತಾರೆ. ಅಚ್ಚಿನ ಮೊಳೆ ಜೋಡಿಸುತ್ತಿದ್ದ ಕಾಲಕ್ಕೆ ಇದು ಬಹಳ ಅನುಕೂಲದ ಪದ್ಧತಿ. ಈಗ ಪುಟ ಕಂಪ್ಯೂಟರಿನಲ್ಲಿ ಆಗುತ್ತದೆ, ವೆಬ್‌ಸೈಟಿನಲ್ಲಂತೂ ಜಾಗದ ಚಿಂತೆಯೇ ಇಲ್ಲ. ಅಭ್ಯಾಸ ಮಾತ್ರ ಹಾಗೇ ಇದೆ. ಯಾರು, ಎಲ್ಲಿ, ಯಾವಾಗ ಮೇಲೆ ಕೂರುತ್ತವೆ. ಯಾಕೆ, ಹೇಗೆ ಕೆಳಗೆ ಹೋಗಿ ಕತ್ತರಿಗೆ ಸಿಗುತ್ತವೆ. ರಸ್ತೆ ತಡೆ ಎಲ್ಲಿ ನಡೆಯಿತು, ಯಾವ ಮುಖಂಡರು ಬಂದರು, ಎಷ್ಟು ಕಿಲೋಮೀಟರ್ ವಾಹನ ನಿಂತವು, ಎಲ್ಲವೂ ನಿನಗೆ ಗೊತ್ತಾಯಿತು. ಯಾಕೆ ಅನ್ನುವುದು ಗೊತ್ತಾಗಲಿಲ್ಲ.

ಇನ್ನು ಭಾಷೆ. ನಮ್ಮ ನಾಯಕರು ಪೇಪರಿನಲ್ಲಿ ಎಂದೂ ಸುಮ್ನೆ ಮಾತಾಡುವುದಿಲ್ಲ ನೋಡು. ಕಿಡಿಕಾರುತ್ತಾರೆ, ಗುಡುಗುತ್ತಾರೆ, ತಿರುಗೇಟು ಕೊಡುತ್ತಾರೆ. ಸುದ್ದಿಗೋಷ್ಠಿಯಲ್ಲಿ ನಾನು ಕಣ್ಣಾರೆ ಕಂಡಿದ್ದೇನೆ, ಮನುಷ್ಯ ಆರಾಮಾಗಿ ಬಿಸ್ಕೀಟು ತಿನ್ನುತ್ತಾ ಮಾತಾಡಿದ್ದ. ಮರುದಿನ ನೋಡಿದರೆ ಗುಡುಗಿದ್ದ.

ಅಂಕಣಕಾರರ ವಿಷಯಕ್ಕೆ ಬರುತ್ತೇನೆ. ನಾನು ಈ ಕೋರ್ಸಿಗೆ ಸೇರಿದ್ದೇ ಅವರಿಂದ ಅಂತ ನಿನಗೆ ಗೊತ್ತು. ಧಾರವಾಡದ ಹಾಸ್ಟೆಲ್ಲಿನಲ್ಲಿ ಭಾನುವಾರದ ಪುರವಣಿಗೆ ನಾವು ಜಗಳ ಆಡುತ್ತಿದ್ದೆವು. ವರದಿಗಾರನಿಗೆ ಹೆಸರೂ ಇಲ್ಲ, ಬರೀ "ನಮ್ಮ ಪ್ರತಿನಿಧಿಯಿಂದ". ಅಂಕಣಕಾರನಿಗೆ ಹೆಸರು, ಫೋಟೋ, "ನಾನು" ಅನ್ನುವ ಹಕ್ಕು. ಯಾರಿಗೆ ಆಸೆ ಆಗಲ್ಲ? ಈಗಲೂ ಆಸೆ ಹೋಗಿಲ್ಲ. ಆದರೆ ಲೈಬ್ರರಿಯಲ್ಲಿ ಹಳಬರನ್ನು ಓದುತ್ತಾ ಒಂದು ವಿಷಯ ಕಂಡಿತು. ಪ್ರಜಾವಾಣಿಯಲ್ಲಿ 'ಛೂಬಾಣ' ಅಂಕಣ ಬರೆಯುತ್ತಿದ್ದ ಟಿ.ಎಸ್. ರಾಮಚಂದ್ರರಾವ್ ಆ ಪತ್ರಿಕೆಯ ಸಂಪಾದಕರು. ಪಾಟೀಲ ಪುಟ್ಟಪ್ಪ ಅಮೆರಿಕಕ್ಕೆ ಹೋಗಿ ಪತ್ರಿಕೋದ್ಯಮ ಓದಿ ಬಂದವರು, 1954ರಲ್ಲಿ ಹುಬ್ಬಳ್ಳಿಯಲ್ಲಿ ಪ್ರಪಂಚ ವಾರಪತ್ರಿಕೆ ತೆಗೆದರು. ನಮ್ಮ ವಿಜಯಪುರದ ಕಡೆಯ ಮೊಹರೆ ಹಣಮಂತರಾಯರು ಸಂಯುಕ್ತ ಕರ್ನಾಟಕ ನಡೆಸಿದವರು. ಆ ಪತ್ರಿಕೆ ಶುರುವಾಗಿದ್ದು ಇದೇ ಬೆಳಗಾವಿಯಲ್ಲಿ, ಹುಬ್ಬಳ್ಳಿಗೆ ಹೋಗಿದ್ದು ಆಮೇಲೆ. ಇವರೆಲ್ಲ ಅಭಿಪ್ರಾಯ ಬರೆದರು, ಚುಚ್ಚಿ ಬರೆದರು. ಆದರೆ ಅವರ ಮೇಜಿನ ಮೇಲೆ ದಿನಾ ಊರೂರಿನ ವರದಿ ಬಂದು ಬೀಳುತ್ತಿತ್ತು. ಎಲ್ಲಿ ಬರ, ಎಲ್ಲಿ ಬೆಲೆ ಬಿತ್ತು ಅನ್ನುವುದನ್ನು ತಿದ್ದಿ ಪುಟಕ್ಕೆ ಹಾಕಿದ ಕೈಯೇ ಅಂಕಣ ಬರೆಯುತ್ತಿತ್ತು.

ಲಂಕೇಶರನ್ನು ತೆಗೆದುಕೊಂಡರೆ ಈ ಮಾತು ನಿಲ್ಲುವುದಿಲ್ಲ ಅಂತ ನೀನು ಹೇಳಬಹುದು. ಅವರು ಇಂಗ್ಲಿಷ್ ಮೇಷ್ಟ್ರು, ಕಥೆಗಾರ, ಸಿನಿಮಾ ಮಾಡಿದವರು. ಸುದ್ದಿಮನೆಯಲ್ಲಿ ಪಳಗಿ ಬಂದವರಲ್ಲ. ಒಪ್ಪುತ್ತೇನೆ. ಆದರೆ 1980ರಲ್ಲಿ ಪತ್ರಿಕೆ ಶುರು ಮಾಡಿದಾಗ ಜಾಹೀರಾತು ಬೇಡ ಅಂದರು, ಜಿಲ್ಲೆ ಜಿಲ್ಲೆಯಿಂದ ಬರೆಯುವವರನ್ನು ಕಟ್ಟಿಕೊಂಡರು. ಅವರ 'ಟೀಕೆ ಟಿಪ್ಪಣಿ' ಅಂಕಣದ ಹಿಂದೆ ಆ ವರದಿಗಳಿದ್ದವು.

ಈಗಿನ ಅಂಕಣಗಳಲ್ಲಿ ಹಲವು ಬೇರೆ ಅಂಕಣಗಳನ್ನು ಓದಿ ಬರೆದ ಅಂಕಣಗಳು. ಎಲ್ಲರೂ ಹಾಗಲ್ಲ, ಮೂರು ನಾಲ್ಕು ಜನರನ್ನು ನಾನು ಕಾದು ಓದುತ್ತೇನೆ. ಆದರೆ ಕಬ್ಬಿನ ಹೋರಾಟದ ಹೊತ್ತಿಗೆ ಬಂದದ್ದನ್ನು ನೆನೆಸಿಕೋ. ಒಂದು ಕಡೆ "ಅನ್ನದಾತ", "ದೇಶದ ಬೆನ್ನೆಲುಬು". ಇನ್ನೊಂದು ಕಡೆ "ನೀರು ಕುಡಿಯುವ ಬೆಳೆ ಯಾಕೆ ಬೆಳೀತಾರೆ". ನಮ್ಮಪ್ಪ ಆರು ಎಕರೆ ಕಬ್ಬು ಹಾಕುತ್ತಾರೆ. ಅನ್ನದಾತ ಅಂದರೆ ಅವರಿಗೆ ನಗು ಬರುತ್ತದೆ, ಮನೆಗೆ ಅಕ್ಕಿ, ಜೋಳ ಎರಡನ್ನೂ ಪೇಟೆಯಿಂದ ತರುತ್ತೇವೆ. ಹೊಗಳುವವರಿಗೂ ಬೈಯುವವರಿಗೂ ಕಟಾವು-ಸಾಗಾಣಿಕೆಯ ಲೆಕ್ಕ ಬೇಕಾಗಿರಲಿಲ್ಲ. ಅದಿಲ್ಲದೆಯೇ ಅವರ ಅಭಿಪ್ರಾಯ ತಯಾರಿತ್ತು.

ಇದೇ ಕಥೆ ಕೃಷ್ಣಾ ನದಿಯ ಆಲಮಟ್ಟಿ ಅಣೆಕಟ್ಟಿನದ್ದು. 524.256 ಅನ್ನುವ ಅಂಕಿ ಬಾಗಲಕೋಟೆ ಜಿಲ್ಲೆಯಲ್ಲಿ ಸಣ್ಣ ಹುಡುಗನಿಗೂ ಬಾಯಿಪಾಠ. ಈಗ ನೀರು ನಿಲ್ಲಿಸುವುದು 519.60 ಮೀಟರ್‌ಗೆ, 524.256ಕ್ಕೆ ಏರಿಸಬೇಕು ಅನ್ನುವುದು ಯೋಜನೆ. ಕೃಷ್ಣಾ ನೀರು ಹಂಚುವ ನ್ಯಾಯಮಂಡಳಿ 2010ರಲ್ಲೇ ಒಪ್ಪಿದೆ, ಕೇಂದ್ರದ ಗೆಜೆಟ್ ಅಧಿಸೂಚನೆ ಆಗಿಲ್ಲ. ಬೆಂಗಳೂರಿನ ಪುಟದಲ್ಲಿ ಇದು ಕರ್ನಾಟಕ-ಮಹಾರಾಷ್ಟ್ರ ಜಗಳ. ನಮ್ಮಲ್ಲಿ ಇದು 75 ಸಾವಿರಕ್ಕೂ ಜಾಸ್ತಿ ಎಕರೆ ಮುಳುಗಡೆ. ಮನೆಗೆ ಸುಣ್ಣ ಬಳಿಯಬೇಕೋ ಬೇಡವೋ, ಮಗಳ ಮದುವೆಗೆ ಹೊಲ ಮಾರಲು ಬರುತ್ತದೋ ಇಲ್ಲವೋ ಅನ್ನುವ ಪ್ರಶ್ನೆ. 2025ರ ಸೆಪ್ಟೆಂಬರ್‌ನಲ್ಲಿ ಸರ್ಕಾರ ನೀರಾವರಿ ಹೊಲಕ್ಕೆ ಎಕರೆಗೆ 40 ಲಕ್ಷ, ಒಣಬೇಸಾಯಕ್ಕೆ 30 ಲಕ್ಷ ಅಂತ ಹೇಳಿತು. ಅಂಕಿ ಎಲ್ಲ ಪೇಪರಿನಲ್ಲೂ ದಪ್ಪಕ್ಷರದಲ್ಲಿ ಬಂತು. ದಾಖಲೆಯಲ್ಲಿ ಒಣಬೇಸಾಯ ಅಂತಿದ್ದು ಬೋರ್ ಹಾಕಿಸಿ ಕಬ್ಬು ಬೆಳೆಯುತ್ತಿರುವವನು ಯಾವ ಲೆಕ್ಕಕ್ಕೆ ಬರುತ್ತಾನೆ? ಮುಳುಗಡೆ ಊರುಗಳ ಕಟ್ಟೆ ಮೇಲೆ ಮೊದಲು ಕೇಳುವುದು ಇದನ್ನೇ.

ಡಿಸೆಂಬರ್‌ನಲ್ಲಿ ಸುವರ್ಣಸೌಧದಲ್ಲಿ ಅಧಿವೇಶನ ನಡೆದಾಗ ಬೆಂಗಳೂರಿನ ವರದಿಗಾರರೆಲ್ಲ ಇಲ್ಲೇ ಇದ್ದರು. ಬಸ್ತವಾಡದ ಟೆಂಟುಗಳಲ್ಲಿ ದಿನಕ್ಕೊಂದು ಪ್ರತಿಭಟನೆ. ವರದಿಗಾರರ ಪ್ರಶ್ನೆಗಳು ಮಾತ್ರ ಮುಖ್ಯಮಂತ್ರಿ ಕುರ್ಚಿಯ ಬಗ್ಗೆ, ಯಾರು ಯಾರ ಮನೆಯಲ್ಲಿ ಊಟ ಮಾಡಿದರು ಅನ್ನುವುದರ ಬಗ್ಗೆ. ಅದನ್ನು ನಾನು ಜಾಸ್ತಿ ಎಳೆಯುವುದಿಲ್ಲ, ನೀನೂ ಟಿವಿ ನೋಡಿರುತ್ತೀ.

ನನಗೆ ಈಗ ಅನಿಸುವುದು, ವರದಿಗೂ ಅಂಕಣಕ್ಕೂ ನಡುವೆ ಇನ್ನೊಂದು ಬರವಣಿಗೆ ಬೇಕು. ಘಟನೆ ಹೇಳಿ ಮುಗಿಸುವುದೂ ಅಲ್ಲದ, ಅಭಿಪ್ರಾಯ ಬಡಿಸುವುದೂ ಅಲ್ಲದ, ಒಂದು ವ್ಯವಸ್ಥೆ ಹೇಗೆ ನಡೆಯುತ್ತದೆ ಅಂತ ಬಿಚ್ಚಿ ತೋರಿಸುವ ಬರವಣಿಗೆ. ಪತ್ರಕರ್ತ ಪಿ. ಸಾಯಿನಾಥ್ 90ರ ದಶಕದಲ್ಲಿ ದೇಶದ ಅತಿ ಬಡ ಜಿಲ್ಲೆಗಳಲ್ಲಿ ತಿರುಗಿ ಬರೆದದ್ದು ಇಂಥದ್ದು. ಬರ ಬಂತು ಅಂತಷ್ಟೇ ಅಲ್ಲ, ಬರದಿಂದ ಯಾರ ಜೇಬು ತುಂಬುತ್ತದೆ ಅಂತ ಬರೆದರು. ಅವರು 2014ರಲ್ಲಿ ಶುರು ಮಾಡಿದ 'ಪರಿ' ಅನ್ನುವ ಹಳ್ಳಿ ಬದುಕಿನ ವರದಿಗಳ ಜಾಲತಾಣ ಕನ್ನಡದಲ್ಲೂ ಇದೆ, ಓದು. ನಮ್ಮ ಕನ್ನಡದ ಪತ್ರಿಕೆಗಳಲ್ಲೂ ಆಗಾಗ ಇಂಥ ವರದಿ ಬರುತ್ತವೆ. ಆಗಾಗ ಮಾತ್ರ. ತಿಂಗಳುಗಟ್ಟಲೆ ಒಬ್ಬನನ್ನು ಒಂದೇ ವಿಷಯಕ್ಕೆ ಬಿಡಲು ದುಡ್ಡು ಬೇಕು. ಕಾಕಾನಿಗೆ ತಲೆ ಇದೆ, ಜನ ಗೊತ್ತು, ಪುರುಸೊತ್ತಿಲ್ಲ, ಜಾಗವಿಲ್ಲ.

ಕೊನೆಯ ಸೆಮಿಸ್ಟರಿನ ಪ್ರಾಜೆಕ್ಟಿಗೆ ನಾನು ಒಂದು ಕಬ್ಬಿನ ಬಿಲ್ ತೆಗೆದುಕೊಂಡಿದ್ದೇನೆ. ಅಪ್ಪನದ್ದೇ. ಅದರಲ್ಲಿರುವ ಒಂದೊಂದು ಸಾಲಿನ ಬೆನ್ನು ಹತ್ತಿ ಹೋಗುವುದು. ಗ್ಯಾಂಗಿನವರು ಎಲ್ಲಿಂದ ಬಂದರು, ಮುಂಗಡ ಎಷ್ಟು, ಟ್ರ್ಯಾಕ್ಟರ್ ಕಾಟಾದ ಮುಂದೆ ಎಷ್ಟು ಹೊತ್ತು ನಿಂತಿತು, ಅಷ್ಟರಲ್ಲಿ ಕಬ್ಬು ಎಷ್ಟು ಒಣಗಿತು. ನಮ್ಮ ಗೈಡ್ ಕೇಳಿದರು, "ಇದು ವರದಿನಾ, ಅಂಕಣನಾ?" ಅಂತ. ಬರೆದು ತೋರಿಸುತ್ತೇನೆ ಸರ್ ಅಂದಿದ್ದೇನೆ. ಕಾಕಾ ಜೊತೆಗೆ ಬರಲು ಒಪ್ಪಿದ್ದಾರೆ, ಅಂಗಡಿ ಬಾಗಿಲು ಹಾಕುವ ಸೋಮವಾರ ಮಾತ್ರ.

ನಿನ್ನಿಂದ ಒಂದು ಕೆಲಸ ಆಗಬೇಕು. ಮೊದಲ ಕರಡು ನಿನಗೇ ಕಳಿಸುತ್ತೇನೆ. ನೀನು ತುಮಕೂರಿನ ತೆಂಗಿನ ತೋಟದವನು, ಕಬ್ಬು ಗೊತ್ತಿಲ್ಲ. ಅದೇ ನನಗೆ ಬೇಕಾಗಿರುವುದು. ಎಲ್ಲಿ ಬೇಜಾರಾಯಿತು, ಎಲ್ಲಿ ಅರ್ಥವಾಗಲಿಲ್ಲ ಅಂತ ಕೆಂಪು ಮಸಿಯಲ್ಲಿ ಗುರುತು ಹಾಕು. ದೋಸ್ತ ಅಂತ ಬಿಡಬೇಡ. ಮತ್ತೆ ಕೊಬ್ಬರಿ ದರದ ಬಗ್ಗೆ ನಿಮ್ಮ ತಿಪಟೂರು ಕಡೆ ಪೇಪರಿನಲ್ಲಿ ಏನು ಬರೀತಾರೆ? ನಮ್ಮ ಪುಟಕ್ಕೆ ಅದೂ ಬರುವುದಿಲ್ಲ. ಎರಡು ಕಟಿಂಗ್ಸ್ ಫೋಟೋ ತೆಗೆದು ಕಳಿಸು.

ಅಮ್ಮನಿಗೆ ನಮಸ್ಕಾರ ಹೇಳು.

ನಿನ್ನ,
ಬೆಳಗಾವಿಯ ದೋಸ್ತ