ಮಳೆಗೆ ಮೊದಲು ಬಾತ್‌ರೂಮಿನ ಹಿಡಿಕೆ, ಗೀಸರ್ ನೋಡಿ

ಎಲ್ಲರಿಗೂ ನಮಸ್ಕಾರ. ಮೃಗಶಿರ ಮಳೆ ಹಿಡಿಯುವ ಮುಂಚೆ, ಅಂದರೆ ಜೂನ್ ಮೊದಲ ವಾರದೊಳಗೆ, ಹಿರಿಯರ ಎಲ್ಲ ಕೋಣೆಗಳ ಬಾತ್‌ರೂಮ್ ಪರಿಶೀಲನೆ ಮುಗಿಯಬೇಕು.

ಮೊದಲು ಗೋಡೆಯ ಹಿಡಿಕೆಗಳು. ಹೊಳಪು ನೋಡಿ ಸರಿಯಿದೆ ಅನ್ನಬೇಡಿ. ಕಾರವಾರದ ಉಪ್ಪುಗಾಳಿಗೆ 304 ದರ್ಜೆಯ ಸ್ಟೀಲಿಗೂ ಕಂದು ಚುಕ್ಕೆ ಬರುತ್ತದೆ. ಹೆಚ್ಚಾಗಿ ಹಾಳಾಗುವುದು ಕಣ್ಣಿಗೆ ಬೀಳದ ಕಡೆ, ಮುಚ್ಚಳದ ಹಿಂದಿನ ಸ್ಕ್ರೂಗಳಲ್ಲಿ. ಮುಚ್ಚಳ ಸರಿಸಿಯೇ ನೋಡಿ. ಬದಲಿಸುವುದಾದರೆ ಹಿಡಿಕೆ, ಸ್ಕ್ರೂ ಎರಡೂ ಉಪ್ಪುಗಾಳಿಯನ್ನು ಹೆಚ್ಚು ತಾಳುವ 316 ದರ್ಜೆಯ ಸ್ಟೀಲಿನದ್ದೇ ಇರಲಿ. ಚಿರೆಕಲ್ಲಿನ ಗೋಡೆಯಲ್ಲಿ ಪ್ಲಾಸ್ಟಿಕ್ ಪ್ಲಗ್ ನಿಲ್ಲುವುದಿಲ್ಲ, ಕಲ್ಲು ಪುಡಿಯಾಗಿ ತೂತು ದೊಡ್ಡದಾಗುತ್ತದೆ. ಅಲ್ಲಿ ಜಾಲರಿ ಸ್ಲೀವ್ (ತೂತಿನೊಳಗೆ ಕೂರುವ ಜಾಲರಿ ಕೊಳವೆ) ಮತ್ತು ಕೆಮಿಕಲ್ ಆಂಕರ್ (ತೂತಿಗೆ ತುಂಬುವ ಗಟ್ಟಿಯಾಗುವ ಅಂಟು, ಅದರಲ್ಲಿ ಕೂರುವ ಮರೆಯಿರುವ ರಾಡ್) ಬೇಕು. ತೂತಿನ ಧೂಳನ್ನು ಬ್ರಷ್‌ನಿಂದ ಪೂರ್ತಿ ತೆಗೆಯಿರಿ, ಇಲ್ಲದಿದ್ದರೆ ಅಂಟು ಹಿಡಿಯುವುದು ಧೂಳಿಗೆ, ಕಲ್ಲಿಗಲ್ಲ. ರಾಡ್ ಕೂರಿಸಿ, ಅಂಟಿನ ಪ್ಯಾಕೆಟ್ ಮೇಲೆ ಬರೆದಷ್ಟು ಹೊತ್ತು ಬಿಟ್ಟು ಆಮೇಲೆ ನಟ್ ಬಿಗಿಯಿರಿ. ಹಿಡಿಕೆ ಸುಮಾರು 110 ಕಿಲೋ ಭಾರ ತಡೆಯಬೇಕು. ಕಮೋಡಿನ ಪಕ್ಕ ಟವೆಲ್ ರಾಡ್ ಇದ್ದರೆ ಕಿತ್ತುಹಾಕಿ. ಜಾರಿದಾಗ ಕೈ ಹೋಗುವುದು ಅದಕ್ಕೇ.

ಗೀಸರ್: ಸ್ನಾನದ ನಲ್ಲಿಯ ನೀರು 45 ಡಿಗ್ರಿ ದಾಟದಂತೆ ಥರ್ಮಾಮೀಟರ್ ಹಿಡಿದೇ ಹೊಂದಿಸಿ, ಕೈ ಅಂದಾಜು ಬೇಡ. ವಯಸ್ಸಾದವರ ಚರ್ಮ ತೆಳು, ಬಿಸಿ ತಿಳಿಯುವುದೂ ತಡ. 30 ಮಿಲಿಆಂಪಿಯರ್‌ನ ಆರ್‌ಸಿಸಿಬಿಯ (ಕರೆಂಟ್ ಸೋರಿದರೆ ತಾನೇ ಬಂದ್ ಆಗುವ ಸ್ವಿಚ್) ಟೆಸ್ಟ್ ಬಟನ್ ತಿಂಗಳಿಗೊಮ್ಮೆ ಒತ್ತಿ. ಟ್ರಿಪ್ ಆಗದಿದ್ದರೆ ಆ ದಿನವೇ ಎಲೆಕ್ಟ್ರಿಷಿಯನ್ ಕರೆಸಿ, ಅಲ್ಲಿವರೆಗೆ ಗೀಸರ್ ಬಂದ್. ಬಟನ್ ಕೆಲಸ ಮಾಡಿತೆಂದರೆ ಅರ್ಥಿಂಗ್ ಸರಿಯಿದೆ ಎಂದಲ್ಲ, ಅದನ್ನು ಬೇರೆಯಾಗಿಯೇ ಅಳೆಯಿಸಿ.

ಅಂಗಳದ ಪಾಚಿಗೆ ಬ್ಲೀಚಿಂಗ್ ಪೌಡರ್ ಸಾಕು. ಅದರ ಜೊತೆ ಟಾಯ್ಲೆಟ್ ಆಸಿಡ್ ಮಾತ್ರ ಸೇರಿಸಬೇಡಿ, ಕ್ಲೋರಿನ್ ಅನಿಲ ಏಳುತ್ತದೆ.